ಕಲಿಯುವವನ ಕಣ್ಣಿಗೆ ಕಂಡಂತೆ

ಆಲಮಟ್ಟಿ ಸುತ್ತಿನ ಹಳ್ಳಿಗಳಿಂದ ಐಟಿಐ ಎಲೆಕ್ಟ್ರಿಷಿಯನ್ ತರಗತಿಗೆ ಬರುವ ಹುಡುಗರಿಗೆ ಕರೆಂಟು ಎಂದರೆ ಕಣ್ಣೆದುರು ಬರುವುದು ಎರಡು: ಜಲಾಶಯದ ಬುಡದ 290 ಮೆಗಾವಾಟ್ ವಿದ್ಯುದಾಗಾರ ಮತ್ತು ತಮ್ಮ ಹೊಲದ ಪಂಪ್‌ಸೆಟ್. ಮೊದಲನೆಯದರಲ್ಲಿ ನೌಕರಿಯ ಆಸೆ, ಎರಡನೆಯದರಲ್ಲಿ ದಿನದ ಗರಜು. ಇವರಿಗಾಗಿ ಪಾಠದ ವಿಡಿಯೋ ಮಾಡುತ್ತ ಬಂದ ನನಗೆ, ಹಿನ್ನೆಲೆ ಸಂಗೀತಕ್ಕಿಂತ ಕ್ಯಾಮೆರಾ ಇಡುವ ಜಾಗವೇ ದೊಡ್ಡದೆಂದು ಮನವರಿಕೆಯಾಗಿದೆ.

ಪಂಪಿನ ಮೋಟರನ್ನು ಮೊದಲು ಸ್ಟಾರ್‌ನಲ್ಲಿ ಎಬ್ಬಿಸಿ ಆಮೇಲೆ ಡೆಲ್ಟಾಕ್ಕೆ ಹಾಕುವ ಸ್ಟಾರ್-ಡೆಲ್ಟಾ ಸ್ಟಾರ್ಟರನ್ನೇ ನೋಡಿ. ಮೋಟರಿನ ಟರ್ಮಿನಲ್ ಪೆಟ್ಟಿಗೆಯ ಮೇಲಿನ ಸಾಲಿನಲ್ಲಿ ಯು1, ವಿ1, ಡಬ್ಲ್ಯು1. ಕೆಳಗಿನ ಸಾಲು ಸಾಮಾನ್ಯವಾಗಿ ಡಬ್ಲ್ಯು2ರಿಂದ ಶುರು. ಕೆಲಸ ಮಾಡುವವನ ಎದುರಿನಿಂದ ಚಿತ್ರೀಕರಿಸಿದರೆ ಎಡ ಬಲವಾಗುತ್ತದೆ, ಮೇಲಿನದು ಕೆಳಗಾಗುತ್ತದೆ. ಅದನ್ನು ಮನಸ್ಸಿನಲ್ಲಿ ತಿರುಗಿಸಿಕೊಳ್ಳುವುದರಲ್ಲೇ ಹುಡುಗರು ದಣಿಯುತ್ತಾರೆ. ಅವನ ಹೆಗಲ ಮೇಲಿಂದ ಫೋನ್ ಹಿಡಿದರೆ ಆ ತೊಡಕೇ ಇಲ್ಲ. 2017ರಲ್ಲಿ ಸಂಶೋಧಕರಾದ ಲೋಗನ್ ಫಿಯೊರೆಲ್ಲಾ, ರಿಚರ್ಡ್ ಮೇಯರ್ ಮತ್ತು ಸಂಗಡಿಗರು ಸರ್ಕ್ಯೂಟ್ ಜೋಡಣೆಯ ವಿಡಿಯೋಗಳನ್ನು ಪರೀಕ್ಷಿಸಿದಾಗಲೂ, ಮಾಡುವವನ ಕಣ್ಣಿನ ನೋಟದಲ್ಲಿ ಕಂಡವರೇ ಚೆನ್ನಾಗಿ ಜೋಡಿಸಿದರು.

ವಿಡಿಯೋ ಚಿಕ್ಕದಿರಬೇಕು, ಒಪ್ಪುತ್ತೇನೆ. ಆದರೆ ಚಿಕ್ಕದು ಮಾಡುವ ನೆಪದಲ್ಲಿ ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು, ಮೂರೂ ಫೇಸ್‌ಗಳಿಗೆ ಟೆಸ್ಟರ್ ಹಚ್ಚಿ ನೋಡುವ ಭಾಗವನ್ನು ಕತ್ತರಿಸುವುದು ಮಹಾ ಅಪಾಯ. ಅದು ಬೇಸರ ತರಿಸಿದರೂ ಪ್ರತಿ ವಿಡಿಯೋದಲ್ಲಿ ಪೂರ್ತಿ ಇರಲೇಬೇಕು. ಜೀವದ ಪ್ರಶ್ನೆ.

ಇನ್ನು ಹುರುಪಿನ ಮಾತು. ಎಲ್ಲವೂ ಸರಿಯಾಗಿ ನಡೆಯುವ ವಿಡಿಯೋ ನೋಡಿ ಹುಡುಗರು ತಲೆಯಾಡಿಸುತ್ತಾರೆ, ಅಷ್ಟೇ. ಕೆಟ್ಟ ಸ್ಟಾರ್ಟರ್ ತೋರಿಸಿ: ಮೋಟರ್ ಸ್ಟಾರ್‌ನಲ್ಲಿ ಎದ್ದಿದೆ, ಡೆಲ್ಟಾಕ್ಕೆ ಹೋಗುತ್ತಿಲ್ಲ. ಸ್ಟಾರ್‌ನಲ್ಲಿ ಒಂದೊಂದು ವೈಂಡಿಂಗ್‌ಗೆ 415 ವೋಲ್ಟ್ ಬದಲು ಸುಮಾರು 240 ಮಾತ್ರ. ನೀರೆತ್ತುವ ಭಾರಕ್ಕೆ ಬಲ ಸಾಲದೆ ಮೋಟರ್ ಗುಂಯ್‌ಗುಡುತ್ತ ಬಿಸಿಯಾಗುತ್ತದೆ. ಅಲ್ಲಿಗೆ ವಿಡಿಯೋ ನಿಲ್ಲಿಸುತ್ತೇನೆ, ಉತ್ತರ ಹೇಳುವುದಿಲ್ಲ. “ಸರ, ಟೈಮರ್ ಕೆಟ್ಟೈತ್ರಿ” ಎಂದು ಒಬ್ಬ. “ಅಲ್ರೀ ಸರ, ಡೆಲ್ಟಾ ಕಾಂಟ್ಯಾಕ್ಟರಿನ ಕಾಯಿಲ್ ಸುಟ್ಟೈತಿ” ಎಂದು ಇನ್ನೊಬ್ಬ. ಹಿಂದಿನ ಬೆಂಚಿನವನೂ ಮುಂದೆ ಬರುತ್ತಾನೆ, ಏಕೆಂದರೆ ಅದು ಅವನ ಹೊಲದಲ್ಲೂ ಆಗಿರುತ್ತದೆ.

ಆದರೂ ಸ್ಕ್ರೂ ಎಷ್ಟು ಬಿಗಿ ಮಾಡಬೇಕೆಂಬುದನ್ನು ಪರದೆ ಕಲಿಸದು. ಸಡಿಲ ಬಿಟ್ಟ ಟರ್ಮಿನಲ್ ಕಾದು ಕರಗುತ್ತದೆ. ಅದಕ್ಕಾಗಿ, ಹಿಂದಿನ ವಿಡಿಯೋದ ಕೆಲಸವನ್ನು ವರ್ಕ್‌ಶಾಪಿನಲ್ಲಿ ಪ್ರತಿಯೊಬ್ಬನೂ ತನ್ನ ಕೈಯಿಂದ ಮಾಡಿ ಮುಗಿಸುವವರೆಗೆ ಮುಂದಿನದನ್ನು ನಾನು ಹಚ್ಚುವುದಿಲ್ಲ.