ಜಾದೂಗೆ ಬೆಳ್ಳಿ ರೂಪಾಯಿ ಕೊಳ್ಳುವಾಗ ಅಂಚು ನೋಡಿ, ತೂಕ ಹಾಕಿಸಿ

ಬೆಳ್ಳೂರು, ನಾಗಮಂಗಲ ಕಡೆ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕೈಚಳಕ ತೋರಿಸುವ ಹುಡುಗ ಹುಡುಗಿಯರು ಅಲ್ಲಲ್ಲಿ ಕಾಣುತ್ತಿದ್ದಾರೆ. ಇಸ್ಪೀಟು, ಹಗ್ಗ, ಕರವಸ್ತ್ರ ಮುಗಿಸಿ ನಾಣ್ಯಕ್ಕೆ ಬಂದ ಕೂಡಲೇ ಇವರು ಹುಡುಕುವುದು ಹಳೇ ಬೆಳ್ಳಿ ರೂಪಾಯಿಯನ್ನು. ಹುಡುಕುವುದೇನೋ ಸರಿ, ಕೊಳ್ಳುವ ಬಗೆ ಮಾತ್ರ ಸರಿಯಿಲ್ಲ. ಥಳಥಳ ಹೊಳೆಯುವುದಕ್ಕೆ ‘ಆಂಟಿಕ್’ ಬೆಲೆ ಕೊಟ್ಟು ತರುತ್ತಾರೆ, ಅದು ಕೈಯಲ್ಲಿ ಗರಗರ ಸದ್ದು ಮಾಡಿ ಗುಟ್ಟು ಬಿಟ್ಟುಕೊಡುತ್ತದೆ. ಇಲ್ಲವೇ ಅರ್ಧ ಬೆಳ್ಳಿಯ ನಾಣ್ಯಕ್ಕೆ ಪೂರ್ತಿ ಬೆಳ್ಳಿಯ ದುಡ್ಡು ಎಣಿಸಿ ಬರುತ್ತಾರೆ. ಎರಡನೆಯದೇ ಹೆಚ್ಚು.

ಬೆಳ್ಳಿ ರೂಪಾಯಿಯೇ ಯಾಕೆ? ಈಗಿನ ಹತ್ತು, ಇಪ್ಪತ್ತು ರೂಪಾಯಿಯ ನಾಣ್ಯಗಳ ಅಗಲ 27 ಮಿ.ಮೀ. ಸಭೆಯ ಹಿಂದಿನ ಸಾಲಿಗೆ ಅವು ಕಾಣುವುದಿಲ್ಲ. ಬ್ರಿಟಿಷರ ಕಾಲದ ರೂಪಾಯಿ ಸುಮಾರು 30.5 ಮಿ.ಮೀ. ಅಮೆರಿಕದ ಅರ್ಧ ಡಾಲರ್ ಕೂಡ ಹೆಚ್ಚುಕಡಿಮೆ ಅಷ್ಟೇ, 30.6. ಜೆ.ಬಿ. ಬೋಬೋ ಬರೆದು 1952ರಲ್ಲಿ ಬಂದ ‘ಮಾಡರ್ನ್ ಕಾಯಿನ್ ಮ್ಯಾಜಿಕ್’ ಮೊದಲಾದ ಪುಸ್ತಕಗಳ ವರಸೆಗಳಲ್ಲಿ ಹೆಚ್ಚಿನವು ಅರ್ಧ ಡಾಲರಿನ ಅಳತೆಯವು. ನಮ್ಮ ರೂಪಾಯಿಯಲ್ಲಿ ಅವನ್ನು ಹಾಗೆಯೇ ಕಲಿಯಬಹುದು. ಹತ್ತು ಹನ್ನೆರಡು ವರ್ಷದ ಮಕ್ಕಳ ಕೈಗೆ ರೂಪಾಯಿ ದೊಡ್ಡದಾಗುತ್ತದೆ. ಅವರಿಗೆ 24 ಮಿ.ಮೀ.ನ ಅರ್ಧ ರೂಪಾಯಿ ಕೊಡಿಸಿ.

ಎಂಥ ನಾಣ್ಯ ಬೇಕು

ಸಂಗ್ರಾಹಕರಿಗೆ ಮುಖ ಮುಖ್ಯ. ರಾಣಿಯ ಕೂದಲಿನ ಎಳೆ, ಕಿರೀಟದ ಮಣಿ ಎದ್ದು ಕಾಣಬೇಕು. ಜಾದೂಗಾರನಿಗೆ ಇದು ತಿರುಗುಮುರುಗು. ಮುಖ ಸವೆದಷ್ಟೂ ಒಂದರ ಮೇಲೊಂದು ನಾಣ್ಯ ಸದ್ದಿಲ್ಲದೆ ಜಾರುತ್ತದೆ. ಆದರೆ ಅಂಚಿನ ಗೀರು ಸವೆದಿರಬಾರದು. ಅಂಗೈಯ ಮಡಿಕೆಯಲ್ಲಿ ನಾಣ್ಯ ಕಚ್ಚಿ ನಿಲ್ಲುವುದು ಆ ಗೀರಿನ ಬಲದಿಂದ. ಇನ್ನೊಬ್ಬರು ಒಲ್ಲದ ಸವೆದ ಮುಖವೇ ನಿಮಗೆ ಬೇಕಾದದ್ದು ಎಂದಾದ ಮೇಲೆ ಸಂಗ್ರಾಹಕರ ಬೆಲೆಯನ್ನು ನೀವೇಕೆ ಕೊಡಬೇಕು?

ಹಳೆಯದೆಲ್ಲ ಅಪರೂಪವೂ ಅಲ್ಲ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿ ತೋರಿಸಿ ‘ನೂರೈವತ್ತು ವರ್ಷದ್ದು ಸ್ವಾಮಿ’ ಎನ್ನುತ್ತಾರೆ. 1862 ಎಂದೇ ಇಸವಿ ಹಾಕಿಕೊಂಡು ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ನಾಣ್ಯ ಟಂಕಿಸಿದರು, ರಾಶಿ ರಾಶಿ ಸಿಗುತ್ತದೆ. ಐದನೇ ಜಾರ್ಜನ 1916ರಿಂದ 1919ರವರೆಗಿನ ರೂಪಾಯಿಗಳೂ ಹಾಗೆಯೇ. ಮೊದಲ ಮಹಾಯುದ್ಧದಲ್ಲಿ ಇಲ್ಲಿ ಬೆಳ್ಳಿ ನಾಣ್ಯಕ್ಕೆ ಹಾಹಾಕಾರ ಎದ್ದಾಗ ಅಮೆರಿಕ 1918ರ ಪಿಟ್‌ಮನ್ ಕಾಯ್ದೆಯಡಿ ಸುಮಾರು 27 ಕೋಟಿ ಬೆಳ್ಳಿ ಡಾಲರ್ ಕರಗಿಸಿತು. ಆ ಬೆಳ್ಳಿಯ ಬಹುಪಾಲು ಬಂದದ್ದು ಭಾರತಕ್ಕೆ, ರೂಪಾಯಿ ಟಂಕಿಸಲು. ಆ ಕಾಲದ ಅಮೆರಿಕದ ಬೆಳ್ಳಿ ನಾಣ್ಯವಾದ ಮಾರ್ಗನ್ ಡಾಲರೇ ಬೇಕೆಂದು ವಿದೇಶದಿಂದ ತರಿಸಿಕೊಳ್ಳಲು ಒದ್ದಾಡುವವರು ಇದನ್ನು ನೆನೆದು ಸುಮ್ಮನಾಗಬಹುದು.

1911 ಅಥವಾ 1939 ಇಸವಿಯ ರೂಪಾಯಿ ಸಿಕ್ಕರೆ ಮಾತ್ರ ಜಾದೂಗೆ ಬಳಸಬೇಡಿ. 1911ರದ್ದರಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗಲಾಟೆಯಾಗಿ ನಾಣ್ಯವನ್ನು ಹಿಂದಕ್ಕೆ ಪಡೆದಿದ್ದರು. 1939ರದ್ದು ಅಪರೂಪ, ಅದಕ್ಕೇ ನಕಲಿಯೂ ಹೆಚ್ಚು. ಅಸಲಿಯಾದರೆ ಸಂಗ್ರಾಹಕರಿಗೆ ಮಾರಿ, ಬಂದ ದುಡ್ಡಿನಲ್ಲಿ ಸವೆದ ಜಾರ್ಜ್ ರೂಪಾಯಿಗಳನ್ನು ಕೊಳ್ಳಿ.

ಗಡ್ಡ ನೋಡಿ, ಆಮೇಲೆ ಇಸವಿ ನೋಡಿ

ಹತ್ತರಲ್ಲಿ ಎಂಟು ಜನ ಮುಗ್ಗರಿಸುವುದು ಇಲ್ಲಿ. 1835ರಿಂದ 1939ರವರೆಗಿನ ರೂಪಾಯಿ 11.66 ಗ್ರಾಂ ತೂಗುತ್ತದೆ. ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ, ಅಂದರೆ ನೂರಕ್ಕೆ 91.7. ಎರಡನೇ ಮಹಾಯುದ್ಧ ಬಂತು, ಬೆಳ್ಳಿ ಸಾಲದಾಯಿತು. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಇರುವುದು ನೂರಕ್ಕೆ ಐವತ್ತು ಮಾತ್ರ. ತೂಕ ಅದೇ 11.66, ಅಗಲ ಅದೇ. ತಕ್ಕಡಿಗೆ ಇದು ಗೊತ್ತಾಗುವುದೇ ಇಲ್ಲ. ಅಂಗಡಿಯವರೂ ಎರಡನ್ನೂ ಒಂದೇ ಡಬ್ಬಿಗೆ ಸುರಿದು ‘ಬೆಳ್ಳಿ ರೂಪಾಯಿ’ ಎಂದೇ ಮಾರುತ್ತಾರೆ. ಎಲ್ಲರೂ ಬೇಕೆಂದೇ ಮಾಡುತ್ತಾರೆ ಎನ್ನಲಾರೆ, ಎಷ್ಟೋ ಜನಕ್ಕೆ ವ್ಯತ್ಯಾಸವೇ ತಿಳಿಯದು.

ಇಂಗ್ಲಿಷ್ ಓದಲು ಬಾರದವರೂ ಹಿಡಿಯಬಹುದಾದ ಗುರುತು ಹೇಳುತ್ತೇನೆ. ಹೆಂಗಸಿನ ಮುಖವಿದ್ದರೆ ವಿಕ್ಟೋರಿಯಾ. ಗಡ್ಡವಿದ್ದು ತಲೆಯ ಮೇಲೆ ಕಿರೀಟವಿಲ್ಲದಿದ್ದರೆ ಏಳನೇ ಎಡ್ವರ್ಡ್. ಗಡ್ಡವೂ ಕಿರೀಟವೂ ನಿಲುವಂಗಿಯೂ ಇದ್ದರೆ ಐದನೇ ಜಾರ್ಜ್. ಈ ಮೂವರದೂ ಪೂರ್ತಿ ಲೆಕ್ಕದ ಬೆಳ್ಳಿ. ಕಿರೀಟವಿದ್ದು ಗಡ್ಡವಿಲ್ಲದ ಮುಖ ಕಂಡರೆ ಆರನೇ ಜಾರ್ಜ್, ಅಲ್ಲಿ ನಿಲ್ಲಿ. ನಾಣ್ಯ ತಿರುಗಿಸಿ ಇಸವಿ ಓದಿ. 1940 ಅಥವಾ ಅದರ ನಂತರದ್ದಾದರೆ ಅರ್ಧ ಬೆಳ್ಳಿ. ಇವುಗಳಲ್ಲಿ ಹೆಚ್ಚಿನದರ ಅಂಚಿನ ಗೀರುಗಳ ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆ ಇರುತ್ತದೆ. ಕಳ್ಳನಾಣ್ಯ ತಡೆಯಲು ತಂದ ಏರ್ಪಾಡು ಅದು. 1947ರ ಹುಲಿ ಚಿತ್ರದ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ. ಅದು ನಿಕ್ಕಲ್, ಅಯಸ್ಕಾಂತಕ್ಕೆ ಕಚ್ಚಿಕೊಳ್ಳುತ್ತದೆ.

ಇಸವಿ ಸವೆದು ಹೋಗಿದ್ದರೆ? ನೀರಿನ ಪರೀಕ್ಷೆ ಮಾಡಿ. 0.01 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಮೊದಲು ನಾಣ್ಯದ ತೂಕ ಬರೆದಿಟ್ಟುಕೊಳ್ಳಿ. ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳು ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ಬದಿಗೂ ತಾಗಬಾರದು, ಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ತೋರುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. 10.3ರ ಆಸುಪಾಸು ಬಂದರೆ ಪೂರ್ತಿ ಲೆಕ್ಕದ್ದು. 9.5ರ ಸುತ್ತ ಬಂದರೆ ಅರ್ಧ ಬೆಳ್ಳಿ. ಎಂಟೂವರೆ ಬಂತೋ, ಜರ್ಮನ್ ಸಿಲ್ವರ್ ಅಥವಾ ಹಿತ್ತಾಳೆಗೆ ಲೇಪ ಬಳಿದದ್ದು, ವಾಪಸ್ ಕೊಡಿ. ‘ಪೇಟೆಯಲ್ಲಿ ಲೋಟ ಹಿಡ್ಕೊಂಡು ಕೂರೋಕಾಗುತ್ತಾ’ ಎಂದು ನಗುವವರಿದ್ದಾರೆ. ಜಾದೂಗೆ ಬೇಕಾದ ನಾಲ್ಕು ನಾಣ್ಯಕ್ಕೆ ಎಷ್ಟು ಹೋಗುತ್ತದೆಂದು ಲೆಕ್ಕ ಹಾಕಿದ ಮೇಲೆ ಯಾರೂ ನಗುವುದಿಲ್ಲ.

ಆ ಲೆಕ್ಕ ಇದು. ಎಣಿಸಲು ಸುಲಭವಾಗಲಿ ಎಂದು ಬೆಳ್ಳಿ ಗ್ರಾಂಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ಪೂರ್ತಿ ಲೆಕ್ಕದ ರೂಪಾಯಿಯಲ್ಲಿ 10.69 ಗ್ರಾಂ ಶುದ್ಧ ಬೆಳ್ಳಿ, ಅಂದರೆ 1,069 ರೂಪಾಯಿ. ಅರ್ಧ ಬೆಳ್ಳಿಯದರಲ್ಲಿ 5.83 ಗ್ರಾಂ, 583 ರೂಪಾಯಿ. ನಾಲ್ಕು ನಾಣ್ಯದಲ್ಲಿ ಎಡವಿದರೆ ನಷ್ಟ 1,944 ರೂಪಾಯಿ. ಬೆಳ್ಳಿ ಏರಿದಷ್ಟೂ ಇದೂ ಏರುತ್ತದೆ.

ಹಾಗೆಂದು ಅರ್ಧ ಬೆಳ್ಳಿ ಜಾದೂಗೆ ಬಾರದೆಂದಲ್ಲ. ಅಭ್ಯಾಸಕ್ಕೆ ನನ್ನ ಮಟ್ಟಿಗೆ ಅದೇ ಒಳ್ಳೆಯದು. ಕೈಯಿಂದ ಜಾರಿ ರೆಡ್ ಆಕ್ಸೈಡ್ ನೆಲಕ್ಕೆ ಬಿದ್ದು ಸೊಟ್ಟಾದರೂ ಹೊಟ್ಟೆ ಉರಿಯುವುದಿಲ್ಲ. ಅರ್ಧ ಬೆಳ್ಳಿಗೆ ಅರ್ಧ ಬೆಲೆ ಕೊಡಿ, ಅಷ್ಟೆ.

ಬೆಲೆ ಮಾತಾಡುವ ಬಗೆ

ಪೇಟೆಗೆ ಹೊರಡುವ ಮುನ್ನ ಅಂದಿನ ಬೆಳ್ಳಿ ದರ ನೋಡಿಕೊಳ್ಳಿ. ಪತ್ರಿಕೆಯಲ್ಲಿ ಕಿಲೋ ಲೆಕ್ಕದಲ್ಲಿರುತ್ತದೆ, ಸಾವಿರದಿಂದ ಭಾಗಿಸಿ. ಅಂಗಡಿಯಲ್ಲಿ ಮೊದಲ ಮಾತೇ ‘ಶೆಟ್ರೇ, ಪೀಸ್ ಲೆಕ್ಕ ಬೇಡ, ತೂಕಕ್ಕೆ ಹಾಕಿ’ ಎಂದಿರಲಿ. ಸವೆದ ನಾಣ್ಯ 11.66 ತೂಗುವುದಿಲ್ಲ, ಕೆಲವು 11.3ಕ್ಕೂ ಇಳಿದಿರುತ್ತವೆ. ಪೂರ್ತಿ ಲೆಕ್ಕದ್ದಾದರೆ ನಿಜವಾದ ತೂಕವನ್ನು 0.917ರಿಂದ ಗುಣಿಸಿ, ಅರ್ಧ ಬೆಳ್ಳಿಯಾದರೆ ಅರ್ಧ ಮಾಡಿ, ಬಂದ ಗ್ರಾಂಗೆ ಅಂದಿನ ದರ ಕಟ್ಟಿ. ಅದರ ಮೇಲೆ ನೂರಕ್ಕೆ ಹತ್ತು ಹದಿನೈದು ಲಾಭ ಕೇಳಿದರೆ ಕೊಡಿ, ಅವರೂ ಬದುಕಬೇಕು. ಅದಕ್ಕಿಂತ ಮೇಲೆ ಹೋದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಎದ್ದ ಮೇಲೆ ಬೆಲೆ ಇಳಿಯುವುದೂ ಉಂಟು.

ತೊಲದ ಲೆಕ್ಕ ಹೇಳಿದರೆ ಎಷ್ಟು ಗ್ರಾಂ ಎಂದು ಕೇಳಿಕೊಳ್ಳಿ. ಹಳೆಯ ತೊಲ ಎಂದರೆ ರೂಪಾಯಿಯ ತೂಕವೇ, 11.66 ಗ್ರಾಂ. ಇಂದು ಹಲವೆಡೆ ಹತ್ತು ಗ್ರಾಂಗೂ ತೊಲ ಎನ್ನುತ್ತಾರೆ. ಪೂಜೆಗೆಂದು ಹೊಸದಾಗಿ ಅಚ್ಚು ಹಾಕಿದ ವಿಕ್ಟೋರಿಯಾ, ಜಾರ್ಜ್ ಮುಖದ ಹತ್ತು ಗ್ರಾಂ ನಾಣ್ಯಗಳೂ ಬೆರೆತಿರುತ್ತವೆ. ತಕ್ಕಡಿಯಲ್ಲಿ ಸರಿಯಾಗಿ ಹತ್ತು ಬಂದರೆ ಅದು ಹಳೆಯದಲ್ಲ.

ಕಾಸಿನ ಸರದಿಂದ ಬಿಚ್ಚಿದ ನಾಣ್ಯ ಅಗ್ಗಕ್ಕೆ ಸಿಗುತ್ತದೆ. ಕೊಂಡಿ ಕಿತ್ತ ಜಾಗದಲ್ಲಿ ಬೆಸುಗೆಯ ಗಂಟು ಇದೆಯೇ ಎಂದು ಉಗುರಿನಿಂದ ಸುತ್ತಲೂ ಸವರಿ ನೋಡಿ. ಆ ಗಂಟು ಬೆರಳಿಗೆ ಸಿಕ್ಕಿಕೊಂಡರೆ ವರಸೆ ಕೆಡುತ್ತದೆ. ತೂತು ಮುಚ್ಚಿದ್ದಾದರೆ ಸದ್ದೇ ಹೇಳುತ್ತದೆ. ಬೆರಳ ತುದಿಯಲ್ಲಿ ನಾಣ್ಯ ನಿಲ್ಲಿಸಿ ಇನ್ನೊಂದರಿಂದ ಮೆಲ್ಲಗೆ ತಟ್ಟಿ. ಒಳ್ಳೆಯದು ದೇವಸ್ಥಾನದ ಗಂಟೆಯ ಹಾಗೆ ಎಳೆದು ನಾದ ಕೊಡುತ್ತದೆ, ಬಿರುಕು ಬಿಟ್ಟದ್ದು ಟಪ್ ಎನ್ನುತ್ತದೆ.

ನಾಲ್ಕನ್ನೂ ಒಟ್ಟಿಗೆ ಕೊಳ್ಳಿ. ಒಂದೇ ದೊರೆಯದು, ಒಂದೇ ಮಟ್ಟಕ್ಕೆ ಸವೆದದ್ದು, ಒಂದೇ ಬಣ್ಣದ್ದು. ಇಸವಿ ಬೇರೆಯಾದರೂ ನೋಡುವವರಿಗೆ ತಿಳಿಯದು. ಸಾಧ್ಯವಾದರೆ ಐದನೆಯದನ್ನೂ ತನ್ನಿ. ಯಾಕೆಂದು ಜಾದೂ ಕಲಿಯುವವರಿಗೆ ಗೊತ್ತು, ಉಳಿದವರಿಗೆ ಹೇಳುವಂತಿಲ್ಲ.

ಎಲ್ಲಿ, ಯಾವಾಗ

ಬೆಳ್ಳೂರು, ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆಯ ಚಿನ್ನಬೆಳ್ಳಿ ಅಂಗಡಿಗಳಲ್ಲಿ, ಅಕ್ಕಸಾಲಿಗರಲ್ಲಿ ‘ಕರಗಿಸೋಕೆ ಮುಂಚೆ ಒಂದು ಮಾತು ಹೇಳಿ’ ಎಂದು ತಿಳಿಸಿಡಿ. ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ವರಮಹಾಲಕ್ಷ್ಮಿ, ದೀಪಾವಳಿ ಹೊತ್ತಿನಲ್ಲಿ ಹೋಗಬೇಡಿ, ಬೆಲೆ ಮಾತಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಮನೆಯ ಕಳಶದಲ್ಲಿ ಹಾಕುವ ರೂಪಾಯಿ ಇದ್ದರೆ ಅಜ್ಜಿಯನ್ನು ಕೇಳದೆ ಮುಟ್ಟಬೇಡಿ. ಜಾದೂ ಎಂದು ಹೇಳಿ ತಪ್ಪಿಸಿಕೊಳ್ಳುವ ವಿಷಯವಲ್ಲ ಅದು.

ಈಸ್ಟ್ ಇಂಡಿಯಾ ಕಂಪನಿ ಹೆಸರಿದ್ದು 1818 ಇಸವಿಯಿರುವ ರಾಮ ಸೀತೆ ಚಿತ್ರದ ಬಿಲ್ಲೆಗಳನ್ನು ಯಾವ ಕಂಪನಿಯೂ ಚಲಾವಣೆಗೆ ತಂದಿರಲಿಲ್ಲ. ಅಕ್ಕಿ ಸೆಳೆಯುವ ನಾಣ್ಯ, ರೈಸ್ ಪುಲ್ಲಿಂಗ್ ಎಂದು ಬಂದವರನ್ನು ಬಾಗಿಲಲ್ಲೇ ಕಳಿಸಿ. ಹಳೇ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವ ಜಾಲದ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು. ಶ್ರೀರಂಗಪಟ್ಟಣದಲ್ಲಿ ಟಂಕಿಸಿದ ಟಿಪ್ಪುವಿನ ಬೆಳ್ಳಿ ನಾಣ್ಯ ನಿಜವೇ ಆಗಿದ್ದರೆ ಅದು ಜಾದೂಗಾರನ ಕೈಯಲ್ಲಿ ಸವೆಯಬಾರದು, ಹೊಲದಲ್ಲಿ ಸಿಕ್ಕಿದ್ದರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಜಾಗ ಮುಗಿಯುತ್ತಿದೆ, ಉಳಿದದ್ದು ಚುಟುಕಾಗಿ. ನೂರು ವರ್ಷ ದಾಟಿದ ನಾಣ್ಯಗಳು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತವೆ, ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗನಿಗೆ ಕಳಿಸುವ ಯೋಚನೆ ಬಿಡಿ, ಅವನು ಅಲ್ಲೇ ಅರ್ಧ ಡಾಲರ್ ಕೊಳ್ಳಲಿ. ತೊಳೆಯಲು ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಹುಣಸೆಹಣ್ಣು, ಪಾತ್ರೆ ಪುಡಿ ಬೇಡ, ಗೀರು ಸವೆಯುತ್ತದೆ. ನಾಣ್ಯಗಳನ್ನು ಬೇರೆ ಬೇರೆ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಅಂಗಡಿಯ ರಸೀದಿಯ ಹಿಂದೆ ಪ್ರತಿ ನಾಣ್ಯದ ತೂಕ, ಇಸವಿ ಬರೆದಿಟ್ಟುಕೊಳ್ಳಿ. ಮಾರುವಾಗ ಅಂಗಡಿಯವರು ಕೇಳುವುದು ಅದನ್ನೇ.