ಅತಿ ದೊಡ್ಡ ದಂಡನಾಯಕ ಯಾರು? ಮೊದಲು ಅಳತೆಗೋಲು ಹುಡುಕೋಣ

ಅಲೆಕ್ಸಾಂಡರ್ ದೊಡ್ಡವನಾ, ನೆಪೋಲಿಯನ್ ದೊಡ್ಡವನಾ? ಹಾಸ್ಟೆಲ್ ಮೆಸ್‌ನಲ್ಲಿ ಈ ಪ್ರಶ್ನೆ ಒಮ್ಮೆ ಎದ್ದರೆ ಸಾರು ತಣ್ಣಗಾದರೂ ವಾದ ಮುಗಿಯಲ್ಲ. ಒಬ್ಬ ಚೆಂಗೀಸ್ ಖಾನ್ ಅಂತಾನೆ, ಇನ್ನೊಬ್ಬಳು ಶಿವಾಜಿ ಅಂತಾಳೆ, ಮತ್ತೊಬ್ಬ ಪುಲಕೇಶಿ ಅಂತ ಮೇಜು ಗುದ್ದುತ್ತಾನೆ. ಎಲ್ಲರ ಹತ್ತಿರವೂ ಹೆಸರುಗಳಿವೆ, ಅಳತೆಗೋಲು ಮಾತ್ರ ಯಾರ ಹತ್ತಿರವೂ ಇಲ್ಲ. ಲ್ಯಾಬ್‌ನಲ್ಲಿ ಯೂನಿಟ್ ಬರೆಯದೆ ರೀಡಿಂಗ್ ಕೊಟ್ಟರೆ ರೆಕಾರ್ಡ್ ವಾಪಸ್ ಬರುತ್ತೆ ಅಲ್ವಾ? ಇದೂ ಹಾಗೇ. ಈ ಲೇಖನದಲ್ಲಿ ನಾವು ಐದು ಪ್ರಶ್ನೆಗಳ ಒಂದು ಅಳತೆಗೋಲು ಕಟ್ಟೋಣ. ಕೊನೆಗೆ ನಮ್ಮ ತೀರ್ಪನ್ನೂ ಹೇಳುತ್ತೇವೆ, ಒಪ್ಪೋದು ಬಿಡೋದು ನಿಮಗೆ ಸೇರಿದ್ದು.

1. ಶುರುವಿನಲ್ಲಿ ಕೈಯಲ್ಲಿ ಏನಿತ್ತು?

ಸುಲಭದ ದಾರಿ ಗೆಲುವುಗಳನ್ನು ಎಣಿಸೋದು. ಅಲೆಕ್ಸಾಂಡರ್ ಯಾವ ದೊಡ್ಡ ಕದನವನ್ನೂ ಸೋಲಲಿಲ್ಲ. ನೆಪೋಲಿಯನ್ ಸುಮಾರು 60 ಕದನ ನಡೆಸಿದ, ಲೈಪ್ಜಿಗ್ ಮತ್ತು ವಾಟರ್ಲೂನಂಥ ಕೆಲವನ್ನು ಸೋತ. ಹಾಗಾದರೆ ಅಲೆಕ್ಸಾಂಡರೇ ದೊಡ್ಡವನು, ಕ್ಲಾಸ್ ಮುಗೀತು ಅನ್ನೋಣವೇ?

ಸ್ವಲ್ಪ ತಾಳಿ. ಕ್ರಿ.ಪೂ. 336ರಲ್ಲಿ ಇಪ್ಪತ್ತು ವರ್ಷದ ಅಲೆಕ್ಸಾಂಡರ್ ಪಟ್ಟಕ್ಕೆ ಬಂದಾಗ ಅವನ ಕೈಗೆ ಸಿಕ್ಕಿದ್ದು ಸಿದ್ಧವಾಗಿದ್ದ ಸೈನ್ಯ. ಉದ್ದ ಈಟಿಯ ಕಾಲಾಳುಗಳ ವ್ಯೂಹ, ಪಳಗಿದ ಕುದುರೆ ದಳ, ಕೋಟೆ ಒಡೆಯುವ ಯಂತ್ರಗಳು, ಅನುಭವಿ ಅಧಿಕಾರಿಗಳು. ಇದೆಲ್ಲ ಅಪ್ಪ ಎರಡನೇ ಫಿಲಿಪ್ ಕಟ್ಟಿದ್ದು. ಇದರಿಂದ ಅಲೆಕ್ಸಾಂಡರನ ಪ್ರತಿಭೆ ಸುಳ್ಳಾಗೋದಿಲ್ಲ. ಆದರೆ ಔಟ್‌ಪುಟ್ ಮಾತ್ರ ನೋಡಿ ಇನ್‌ಪುಟ್ ಮರೆತರೆ ದಕ್ಷತೆ ಲೆಕ್ಕಕ್ಕೆ ಸಿಗಲ್ಲ. ಒಂಬತ್ತರ ಸಿಜಿಪಿಎ ನೋಡುವಾಗಲೂ ಹಾಗೇ ತಾನೆ? ಕೋಚಿಂಗ್, ಲ್ಯಾಪ್‌ಟಾಪ್, ಸ್ವಂತ ಕೋಣೆ ಇದ್ದವರ ಒಂಬತ್ತು ಮತ್ತು ಇಲ್ಲದವರ ಒಂಬತ್ತು ಮಾರ್ಕ್ಸ್ ಕಾರ್ಡಿನಲ್ಲಿ ಒಂದೇ ಥರ ಕಾಣುತ್ತವೆ.

2. ಗೆದ್ದದ್ದು ಕದನವೋ, ಯುದ್ಧವೋ?

ಕನ್ನಡದಲ್ಲಿ ಕದನ, ಯುದ್ಧ ಎರಡನ್ನೂ ನಾವು ಒಂದೇ ಅರ್ಥದಲ್ಲಿ ಬಳಸಿಬಿಡುತ್ತೇವೆ. ಇಲ್ಲಿ ಬೇರೆ ಮಾಡಿಕೊಳ್ಳೋಣ: ಕದನ ಅಂದರೆ ಒಂದು ದಿನದ ಹೊಡೆದಾಟ, ಯುದ್ಧ ಅಂದರೆ ವರ್ಷಗಟ್ಟಲೆ ಎಳೆಯುವ ಹಗೆತನ.

ಕ್ರಿ.ಪೂ. 216, ಇಟಲಿಯ ಕ್ಯಾನೆ. ಕಾರ್ತೇಜಿನ ಹ್ಯಾನಿಬಲ್ ಹತ್ತಿರ ಸುಮಾರು 50,000 ಜನ. ಲಿಬಿಯಾ, ನ್ಯುಮಿಡಿಯಾ, ಸ್ಪೇನ್, ಗಾಲ್ ಹೀಗೆ ನಾಲ್ಕಾರು ನಾಡಿನವರು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದವರು. ಎದುರಿಗೆ ರೋಮನ್ನರು 80,000ದಷ್ಟು. ಹ್ಯಾನಿಬಲ್ ತನ್ನ ಸೈನ್ಯದ ನಡುಭಾಗವನ್ನು ಬಿಲ್ಲಿನಂತೆ ಮುಂದಕ್ಕೆ ಉಬ್ಬಿಸಿ ನಿಲ್ಲಿಸಿದ. ರೋಮನ್ನರು ತಳ್ಳಿದಂತೆ ಆ ನಡುಭಾಗ ಮುರಿಯದೆ ನಿಧಾನಕ್ಕೆ ಹಿಂದೆ ಸರಿಯಿತು. ರೋಮನ್ನರು ಒಳಗೆ ನುಗ್ಗಿದರು. ಆಗ ಎರಡೂ ಬದಿಯಲ್ಲಿ ಕಾದಿದ್ದ ಆಫ್ರಿಕಾದ ಕಾಲಾಳುಗಳು ಒಳಮುಖವಾಗಿ ತಿರುಗಿದರು. ಅಷ್ಟರಲ್ಲಿ ರೋಮನ್ ಕುದುರೆಗಳನ್ನು ಓಡಿಸಿದ ಹ್ಯಾನಿಬಲನ ಕುದುರೆ ದಳ ಸುತ್ತಿಬಂದು ಹಿಂಬದಿ ಮುಚ್ಚಿತು. ದೊಡ್ಡ ಸೈನ್ಯ ಸಣ್ಣ ಸೈನ್ಯದ ಚೀಲದೊಳಗೆ ಬಿತ್ತು. ಇವತ್ತಿಗೂ ಸೇನಾ ಶಾಲೆಗಳಲ್ಲಿ ಈ ಪಾಠ ಹೇಳುತ್ತಾರೆ.

ಆದರೆ ಯುದ್ಧ? ಅದನ್ನು ಗೆದ್ದದ್ದು ರೋಮ್. ಫೇಬಿಯಸ್ ಎಂಬ ಮುದಿ ನಾಯಕ ಹ್ಯಾನಿಬಲನ ಜೊತೆ ದೊಡ್ಡ ಕದನವನ್ನೇ ಕೊಡಬಾರದು, ಅವನ ಮೇವು-ದವಸಕ್ಕೆ ಅಡ್ಡ ಹಾಕುತ್ತಾ ಬೆನ್ನಿಗೆ ಬಿದ್ದಿರಬೇಕು ಅನ್ನುವ ದಾರಿ ಹಿಡಿದಿದ್ದ. ಜನ ಅವನನ್ನು ಹೇಡಿ ಅಂತ ಆಡಿಕೊಂಡರು. ಕ್ಯಾನೆ ಆದಮೇಲೆ ಅದೇ ದಾರಿ ಸರಿ ಅಂತ ಒಪ್ಪಿದರು. ಹ್ಯಾನಿಬಲ್ ಇಟಲಿಯಲ್ಲಿ ಹದಿನೈದು ವರ್ಷ ಇದ್ದ, ರೋಮ್ ನಗರ ಮಾತ್ರ ಅವನ ಕೈಗೆ ಬರಲಿಲ್ಲ.

3. ಹೊಟ್ಟೆಗೆ ಏನು ಮಾಡಿದ?

ಇದು ಸಿನಿಮಾಗಳಲ್ಲಿ ಬರದ ಪ್ರಶ್ನೆ. ಸೈನ್ಯ ಅಂದರೆ ದಿನಕ್ಕೆರಡು ಹೊತ್ತು ತಿನ್ನುವ ಒಂದು ಊರು, ಅದೂ ನಡೆಯುವ ಊರು.

1805ರಲ್ಲಿ ನೆಪೋಲಿಯನ್ ತನ್ನ ಸೈನ್ಯವನ್ನು ಕೋರ್ ಎಂಬ ಸ್ವತಂತ್ರ ತುಕಡಿಗಳಾಗಿ ಒಡೆದು ಬೇರೆ ಬೇರೆ ದಾರಿಗಳಲ್ಲಿ ಓಡಿಸಿದ. ಒಂದೇ ದಾರಿಯ ಹಳ್ಳಿಗಳ ದವಸ ಖಾಲಿಯಾಗಲಿಲ್ಲ, ವೇಗವೂ ಸಿಕ್ಕಿತು. ಉಲ್ಮ್‌ನಲ್ಲಿ ಆಸ್ಟ್ರಿಯಾದ ಸೇನಾಪತಿ ಮ್ಯಾಕ್ ದೊಡ್ಡ ಕದನವೇ ಇಲ್ಲದೆ ಶರಣಾದ. ಅದೇ ನೆಪೋಲಿಯನ್ 1812ರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಕಟ್ಟಿಕೊಂಡು ರಷ್ಯಾಕ್ಕೆ ನುಗ್ಗಿದ. ಅಲ್ಲಿ ಊರುಗಳು ದೂರ ದೂರ, ದಾರಿ ಕೆಟ್ಟದ್ದು, ರಷ್ಯನ್ನರು ಸುಟ್ಟು ಹಿಂದೆ ಸರಿಯುತ್ತಿದ್ದರು. ಚಳಿ ಕೊಂದಿತು ಅಂತ ನಾವು ಓದಿದ್ದೇವೆ, ಆದರೆ ಚಳಿಗಾಲಕ್ಕೆ ಮುಂಚೆ, ಬೇಸಿಗೆಯಲ್ಲೇ ಹಸಿವು, ರೋಗ, ಕುದುರೆಗಳ ಸಾವಿನಿಂದ ಆ ಸೈನ್ಯ ಕರಗತೊಡಗಿತ್ತು. ಚಿಕ್ಕದಾಗಿದ್ದಾಗ ನಡೆದ ಡಿಸೈನ್ ಸ್ಕೇಲ್ ಮಾಡಿದಾಗ ಬಿದ್ದುಹೋಯಿತು.

ಇದಕ್ಕೆ ಎದುರು ಉದಾಹರಣೆ ನಮ್ಮ ನೆಲದಲ್ಲೇ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಅಲ್ಲಿ ಅಧಿಕಾರಕ್ಕೆ ಕೂತ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದ ವೆಲ್ಲಿಂಗ್ಟನ್, ಸಾಮಾನು ಸಾಗಿಸುವ ಪಾಠ ಕಲಿತದ್ದು ಇಲ್ಲೇ. ಮೈಸೂರು ಅರಸರು ಬೆಳೆಸಿದ, ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ ಎತ್ತುಗಳು ಅವನ ತೋಪು-ದವಸ ಎಳೆದವು. 1803ರಲ್ಲಿ ಈಗಿನ ಮಹಾರಾಷ್ಟ್ರದ ಅಸ್ಸಾಯೆಯಲ್ಲಿ ತನಗಿಂತ ಎಷ್ಟೋ ಪಟ್ಟು ದೊಡ್ಡ ಮರಾಠ ಸೈನ್ಯ ಎದುರಾಯಿತು. ನದಿ ದಾಟಲು ಜಾಗವೇ ಇಲ್ಲ ಅಂದರು ದಾರಿ ತೋರಿಸುವವರು. ಎರಡು ದಡದಲ್ಲಿ ಎದುರುಬದುರು ಎರಡು ಹಳ್ಳಿ ಕಂಡಿತು ಅವನಿಗೆ. ಹೀಗೆ ಹಳ್ಳಿಗಳಿದ್ದರೆ ನಡುವೆ ಜನ ಓಡಾಡಲೇಬೇಕು, ಅಂದರೆ ಅಲ್ಲಿ ಹೊಳೆ ಆಳವಿರಲಾರದು ಎಂದು ಊಹಿಸಿದ. ಊಹೆ ಸರಿಯಾಗಿತ್ತು. ಕದನ ಗೆದ್ದ, ಆದರೆ ಭಾರೀ ಸಾವುನೋವಿನ ಬೆಲೆ ತೆತ್ತ.

4. ಅವನಿಲ್ಲದ ಕಡೆಯೂ ಕೆಲಸ ನಡೆಯಿತಾ?

ಬಿಳಿ ಕುದುರೆ ಮೇಲೆ ಮುಂದೆ ನುಗ್ಗುವ ನಾಯಕ ಚಿತ್ರಕ್ಕೆ ಚೆನ್ನ. ಆದರೆ ಅವನೊಬ್ಬ ಬಿದ್ದರೆ ಇಡೀ ವ್ಯವಸ್ಥೆ ಬೀಳುವುದಾದರೆ ಅದು ಕೆಟ್ಟ ಡಿಸೈನ್.

ಮಂಗೋಲರ ಸುಬುತೈಯನ್ನು ನೋಡಿ. ರಾಜನಲ್ಲ, ರಾಜವಂಶದವನೂ ಅಲ್ಲ. ಮಂಗೋಲ್ ಸೈನ್ಯ ಹತ್ತು, ನೂರು, ಸಾವಿರ, ಹತ್ತು ಸಾವಿರದ ಗುಂಪುಗಳಾಗಿ ಕಟ್ಟಿದ ಸೈನ್ಯ. ಪ್ರತಿ ಗುಂಪಿಗೂ ಒಬ್ಬ ನಾಯಕ, ಅವನಿಗೆ ತನ್ನ ಮಟ್ಟದಲ್ಲಿ ತೀರ್ಮಾನ ಮಾಡುವ ಅಧಿಕಾರ. 1241ರ ಏಪ್ರಿಲ್ 9ರಂದು ಮಂಗೋಲರ ಒಂದು ದಳ ಪೋಲೆಂಡಿನ ಲೆಗ್ನಿತ್ಸಾದಲ್ಲಿ ಗೆದ್ದಿತು. ಎರಡೇ ದಿನದ ಮೇಲೆ, ಏಪ್ರಿಲ್ 11ರಂದು, ನಾನೂರು ಕಿ.ಮೀ.ಗೂ ಹೆಚ್ಚು ದೂರದ ಹಂಗೇರಿಯ ಮೋಹಿಯಲ್ಲಿ ಬಾತು ಮತ್ತು ಸುಬುತೈ ಗೆದ್ದರು. ಫೋನಿಲ್ಲ, ಮ್ಯಾಪಿಲ್ಲ. ಉತ್ತರದ ದಳ ಪೋಲೆಂಡಿನ ಸೈನ್ಯವನ್ನು ಅಲ್ಲೇ ಕಟ್ಟಿಹಾಕಿದ್ದರಿಂದ ಹಂಗೇರಿಗೆ ಆ ಕಡೆಯ ನೆರವು ಬರಲಿಲ್ಲ. ಈ ಪ್ರಶ್ನೆಯಲ್ಲಿ ಸುಬುತೈಗೆ ಪೂರ್ತಿ ಅಂಕ.

5. ಇದನ್ನೆಲ್ಲ ನಮಗೆ ಹೇಳಿದವರು ಯಾರು?

ಕ್ಯಾನೆಯಲ್ಲಿ ಸತ್ತ ರೋಮನ್ನರು ಎಷ್ಟು? ಪಾಲಿಬಿಯಸ್ ಪ್ರಕಾರ ಸುಮಾರು 70,000, ಲಿವಿಯ ಪ್ರಕಾರ 48,000ದ ಹತ್ತಿರ. ಒಂದೇ ದಿನದ ಒಂದೇ ಘಟನೆಗೆ ಇಷ್ಟು ಎರರ್! ಗಾಲ್ ಯುದ್ಧದ ಕಥೆ ಬರೆದದ್ದು ಅದನ್ನು ಗೆದ್ದ ಸೀಸರನೇ. ತನ್ನ ಪೇಪರಿಗೆ ತಾನೇ ಅಂಕ ಹಾಕಿಕೊಂಡ ಹಾಗೆ.

ನಮ್ಮ ಇಮ್ಮಡಿ ಪುಲಕೇಶಿಗೂ ಇದೇ ಪರೀಕ್ಷೆ ಇಡಲೇಬೇಕು. ಉತ್ತರದ ಹರ್ಷವರ್ಧನನನ್ನು ಅವನು ತಡೆದ ಅಂತ ಹೇಳುವುದು ಐಹೊಳೆಯ ಮೇಗುತಿ ಬಸದಿಯ ಶಾಸನ, ಕಾಲ ಕ್ರಿ.ಶ. 634-35. ಬರೆದವನು ರವಿಕೀರ್ತಿ, ಪುಲಕೇಶಿಯ ಆಶ್ರಯದಲ್ಲಿದ್ದ ಕವಿ. ಹೊಗಳದೆ ಇರುತ್ತಾನಾ ಅಂತ ನೀವು ಕೇಳಬಹುದು. ಆದರೆ ಹರ್ಷನ ಅತಿಥಿಯಾಗಿದ್ದ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಕೂಡ ಈ ರಾಜ ಹರ್ಷನಿಗೆ ತಲೆಬಾಗಲಿಲ್ಲ ಅಂತ ಬರೆದಿದ್ದಾನೆ. ಎದುರು ಪಕ್ಷದ ಮನೆಯಲ್ಲಿ ಉಂಡವನ ಸಾಕ್ಷಿಗೆ ತೂಕ ಹೆಚ್ಚು. ಹಾಗಾಗಿ ಪುಲಕೇಶಿ ಹರ್ಷನನ್ನು ತಡೆದದ್ದು ಗಟ್ಟಿ ಮಾತು. ಆದರೆ ಆ ದಿನ ಸೈನ್ಯವನ್ನು ಹೇಗೆ ನಿಲ್ಲಿಸಿದ, ಯಾವ ಗಳಿಗೆಯಲ್ಲಿ ಏನು ಮಾಡಿದ ಅನ್ನುವ ವಿವರ ಈ ಸಾಕ್ಷಿಗಳಲ್ಲಿ ಇಲ್ಲ. ನಮ್ಮವನು ಅನ್ನೋ ಪ್ರೀತಿಗೆ ಆ ಖಾಲಿ ಜಾಗವನ್ನು ನಾವೇ ತುಂಬಬಾರದು. ಹಾಗೆ ತುಂಬಿದರೆ ಇರುವ ಗಟ್ಟಿ ಸಾಕ್ಷಿಯ ಬೆಲೆಯೂ ಕಡಿಮೆಯಾಗುತ್ತೆ.

ನಮ್ಮ ತೀರ್ಪು

ಒಂದು ದಿನದ ಕದನಕ್ಕೆ ಹ್ಯಾನಿಬಲ್. ದೂರದ ದಳಗಳನ್ನು ಒಟ್ಟಿಗೆ ನಡೆಸೋದಕ್ಕೆ ಸುಬುತೈ. ಐದೂ ಪ್ರಶ್ನೆ ಸೇರಿಸಿದರೆ ನಮ್ಮ ಓಟು ಪಟ್ಟಿಗಳಲ್ಲಿ ಸ್ವಲ್ಪ ಕೆಳಗೇ ಇರುವ ಒಬ್ಬನಿಗೆ: ರೋಮಿನ ಸಿಪಿಯೋ.

ಕ್ಯಾನೆಯ ಸೋಲಿನಿಂದ ಜೀವ ಉಳಿಸಿಕೊಂಡು ಬಂದಾಗ ಅವನಿಗೆ ಹೆಚ್ಚುಕಡಿಮೆ ನಮ್ಮದೇ ವಯಸ್ಸು, ಹತ್ತೊಂಬತ್ತು. ಅವನು ಶತ್ರುವನ್ನು ಬೈಯುತ್ತಾ ಕೂರಲಿಲ್ಲ, ಶತ್ರುವಿನಿಂದ ಕಲಿತ. ಸ್ಪೇನಿನ ಇಲಿಪಾದಲ್ಲಿ, ಕ್ರಿ.ಪೂ. 206ರಲ್ಲಿ, ಕೆಲವು ದಿನ ಒಂದೇ ರೀತಿ ತಡವಾಗಿ ಸೈನ್ಯ ನಿಲ್ಲಿಸಿ ಎದುರಾಳಿಗೆ ಅದೇ ಅಭ್ಯಾಸ ಮಾಡಿಸಿದ. ಆಮೇಲೆ ಒಂದು ಬೆಳಗ್ಗೆ ಬೇಗ, ಅವರು ಊಟ ಮಾಡುವ ಮುಂಚೆಯೇ, ವ್ಯೂಹ ಪೂರ್ತಿ ಅದಲುಬದಲು ಮಾಡಿ ಬಿದ್ದ. ಆಫ್ರಿಕಾಕ್ಕೆ ಹೋಗಲು ರೋಮಿನ ಸೆನೆಟ್ ಅವನಿಗೆ ಹೊಸ ಸೈನ್ಯ ಕೊಡಲಿಲ್ಲ. ಸಿಕ್ಕಿದ್ದು ಸ್ವಯಂಸೇವಕರು ಮತ್ತು ಕ್ಯಾನೆಯಲ್ಲಿ ಸೋತರು ಅಂತ ಸಿಸಿಲಿಗೆ ತಳ್ಳಿದ್ದ ಸೈನಿಕರು. ಅವರನ್ನೇ ತಿದ್ದಿ ಕರೆದೊಯ್ದ. ನ್ಯುಮಿಡಿಯಾದ ಮಸಿನಿಸ್ಸನನ್ನು ತನ್ನ ಕಡೆ ಸೆಳೆದ. ಕ್ರಿ.ಪೂ. 202ರಲ್ಲಿ ಝಾಮಾದಲ್ಲಿ ಸಾಲುಗಳ ನಡುವೆ ಓಣಿ ಬಿಟ್ಟು ಹ್ಯಾನಿಬಲನ ಆನೆಗಳನ್ನು ಸುಮ್ಮನೆ ಹಾದುಹೋಗಲು ಬಿಟ್ಟ. ಕೊನೆಗೆ ಮಸಿನಿಸ್ಸನ ಕುದುರೆಗಳು ಹ್ಯಾನಿಬಲನ ಬೆನ್ನ ಹಿಂದೆ ಬಂದವು. ಕ್ಯಾನೆಯ ಪಾಠ ಅದರ ಮೇಷ್ಟ್ರಿಗೇ ವಾಪಸ್ ಆಯಿತು. ಯುದ್ಧವೂ ಅಲ್ಲಿಗೆ ಮುಗಿಯಿತು.

ಐದನೇ ಪ್ರಶ್ನೆಯಲ್ಲಿ ಸಿಪಿಯೋಗೆ ಅಂಕ ಕಡಿಮೆ, ಅದನ್ನೂ ಹೇಳಿಬಿಡಬೇಕು. ಅವನ ಕಥೆ ಬರೆದ ಪಾಲಿಬಿಯಸ್ ಸಿಪಿಯೋ ಮನೆತನಕ್ಕೆ ತೀರಾ ಹತ್ತಿರದವನು.

ಇನ್ನೊಂದು ಮಾತು. ಈ ಐದು ಪ್ರಶ್ನೆಗಳು ಅಳೆಯೋದು ಸಾಮರ್ಥ್ಯವನ್ನು ಮಾತ್ರ, ಒಳ್ಳೆಯತನವನ್ನಲ್ಲ. 70,000 ಮತ್ತು 48,000 ಅಂತ ಎರಡು ಅಂಕಿ ಬರೆದೆವಲ್ಲ, ಆ ಎರಡರ ನಡುವಿನ ವ್ಯತ್ಯಾಸವೇ ಇಪ್ಪತ್ತೆರಡು ಸಾವಿರ ಜನ. ಅವರು ಸತ್ತರೋ ಉಳಿದರೋ ಅನ್ನೋದೇ ಇತಿಹಾಸಕ್ಕೆ ಖಚಿತವಿಲ್ಲ, ಅವರ ದಂಡನಾಯಕರ ಹೆಸರು ಮಾತ್ರ ನಮಗೆ ಬಾಯಿಪಾಠ. ದೊಡ್ಡವನು ಅನ್ನೋ ಪದ ಬಳಸುವಾಗ ಇದು ನೆನಪಿರಲಿ.

ಈಗ ನಿಮ್ಮ ಸರದಿ. ನಿಮ್ಮ ಇಷ್ಟದ ಹೆಸರನ್ನು ಈ ಐದು ಪ್ರಶ್ನೆಗಳ ಮುಂದೆ ನಿಲ್ಲಿಸಿ ನೋಡಿ. ಆರನೇ ಪ್ರಶ್ನೆ ಹೊಳೆದರೆ ಅದನ್ನೂ ಸೇರಿಸಿಕೊಳ್ಳಿ.