ಕೌಂಟರ್ ಎಣಿಕೆ ಮರೆತಾಗ

ಗೆಳೆಯರೇ, ಹಳೆಯ ವೆಬ್‌ಸೈಟ್‌ಗಳ ಕೆಳಗಡೆ “ಈ ಪುಟ ನೋಡಿದವರು: 1254” ಅಂತ ಒಂದು ಅಂಕಿ ಇರೋದನ್ನು ನೋಡಿದ್ದೀರಾ? ಅದಕ್ಕೆ ಹಿಟ್ ಕೌಂಟರ್ ಅಂತಾರೆ. ನಮ್ಮ ತರಗತಿಯ ಪುಟಕ್ಕೆ ನಾನೂ ಪಿಎಚ್‌ಪಿ ಭಾಷೆಯಲ್ಲಿ ಒಂದು ಕೌಂಟರ್ ಬರೆದೆ. ಅದು ನನಗೆ ಎರಡು ಪಾಠ ಕಲಿಸಿತು.

ಕೌಂಟರ್ ಮಾಡುವ ಕೆಲಸ ಬಹಳ ಸುಲಭ. ಒಂದು ಫೈಲ್‌ನಲ್ಲಿ ಒಂದೇ ಒಂದು ಸಂಖ್ಯೆ ಇರುತ್ತದೆ. ಯಾರಾದರೂ ಪುಟ ತೆರೆದಾಗ ಪ್ರೋಗ್ರಾಮ್ ಆ ಸಂಖ್ಯೆಯನ್ನು ಓದಿ, 1 ಕೂಡಿಸಿ, ಮತ್ತೆ ಫೈಲ್‌ಗೆ ಬರೆಯುತ್ತದೆ. ಅಷ್ಟೇ!

ಮೊದಲನೇ ಪಾಠ: ಯಾರು ಬರೆಯಬಹುದು?

ಮೊದಲ ದಿನ ನನ್ನ ಕೌಂಟರ್ 0 ಬಿಟ್ಟು ಅಲುಗಾಡಲೇ ಇಲ್ಲ. ಕಾರಣ, ಅನುಮತಿ. ಲಿನಕ್ಸ್‌ನಲ್ಲಿ ಪ್ರತಿ ಫೈಲ್‌ಗೂ ಮೂರು ಅಂಕಿಗಳ ಅನುಮತಿ ಇರುತ್ತದೆ. ಮೊದಲನೆಯದು ಫೈಲ್‌ನ ಒಡೆಯರಿಗೆ, ಎರಡನೆಯದು ಗುಂಪಿಗೆ, ಮೂರನೆಯದು ಉಳಿದವರಿಗೆ. ಓದಲು 4, ಬರೆಯಲು 2, ಪ್ರೋಗ್ರಾಮ್ ಆಗಿ ಓಡಿಸಲು 1. ಇವುಗಳನ್ನು ಕೂಡಿಸಿದರೆ ಅಂಕಿ ಸಿಗುತ್ತದೆ.

ನನ್ನ ಫೈಲ್‌ನ ಅನುಮತಿ 644. ಅಂದರೆ ನಾನು ಓದಬಹುದು, ಬರೆಯಬಹುದು (4+2=6). ಮಿಕ್ಕವರೆಲ್ಲ ಓದಬಹುದು ಅಷ್ಟೇ. ಆದರೆ ಕೌಂಟರ್ ಓಡುವುದು ನನ್ನ ಹೆಸರಿನಲ್ಲಲ್ಲ, ವೆಬ್ ಸರ್ವರ್‌ನ ಹೆಸರಿನಲ್ಲಿ! ಅದು “ಉಳಿದವರ” ಸಾಲಿಗೆ ಸೇರಿತ್ತು.

ನಾನು ತಕ್ಷಣ 777 ಕೊಟ್ಟೆ. ಕೌಂಟರ್ ಓಡಿತು. ಅಪ್ಪ ನೋಡಿ, “ಬೀಗ ತೆಗೆಯೋಕೆ ಬರಲಿಲ್ಲ ಅಂತ ಬಾಗಿಲನ್ನೇ ಕಿತ್ತು ಹಾಕಿದೆಯಲ್ಲೋ!” ಅಂದರು. 777 ಅಂದರೆ ಆ ಸರ್ವರ್ ಬಳಸುವ ಯಾರು ಬೇಕಾದರೂ ಫೈಲ್ ಬದಲಾಯಿಸಲು ದಾರಿ ತೆರೆದ ಹಾಗೆ. ಅಪ್ಪ ಎಣಿಕೆಯ ಫೈಲನ್ನು ಮಾತ್ರ ವೆಬ್ ಸರ್ವರ್‌ನ ಗುಂಪಿಗೆ ಕೊಟ್ಟು, ಅನುಮತಿಯನ್ನು 664 ಮಾಡಿದರು. ಈಗ ನಾನು ಮತ್ತು ಸರ್ವರ್ ಬರೆಯಬಹುದು, ಬೇರೆಯವರಿಗೆ ಆಗದು.

ಎರಡನೇ ಪಾಠ: ಯಾರ ಸರದಿ?

ರಾಜ್ಯೋತ್ಸವದ ಫೋಟೋಗಳನ್ನು ಹಾಕಿದ ದಿನ ಎಲ್ಲರೂ ಒಟ್ಟಿಗೆ ಪುಟ ತೆರೆದರು. ಬೆಳಿಗ್ಗೆ 300 ದಾಟಿದ್ದ ಸಂಖ್ಯೆ ಸಂಜೆಗೆ 7 ಆಗಿತ್ತು! ನನಗೆ ಅಳುವೇ ಬಂತು.

ಆಗಿದ್ದೇನು ಗೊತ್ತಾ? ಬರೆಯಲು ಅಂತ ಫೈಲ್ ತೆರೆದ ಕ್ಷಣವೇ ಹಳೆಯ ಸಂಖ್ಯೆ ಅಳಿಸಿಹೋಗುತ್ತದೆ. ಹೊಸದು ಬರೆಯುವಷ್ಟರಲ್ಲಿ ಇನ್ನೊಬ್ಬರಿಗಾಗಿ ಓಡುವ ಪ್ರೋಗ್ರಾಮ್ ಬಂದು ಓದಿದರೆ ಫೈಲ್ ಖಾಲಿ. ಖಾಲಿ ಅಂದರೆ 0 ಅಂದುಕೊಂಡು ಅದು 1 ಅಂತ ಬರೆಯುತ್ತದೆ.

ಇದಕ್ಕೆ ಮದ್ದು ಬೀಗ. ಪಿಎಚ್‌ಪಿಯಲ್ಲಿ ಇದರ ಹೆಸರು ‘ಎಫ್‌ಲಾಕ್’. ಕ್ರಮ ಹೀಗಿರಲಿ:

1. ಅಳಿಸದೆ ಫೈಲ್ ತೆರೆಯಿರಿ (‘ಸಿ ಪ್ಲಸ್’ ವಿಧಾನ).
2. ಬೀಗ ಹಾಕಿ.
3. ಸಂಖ್ಯೆ ಓದಿ, 1 ಕೂಡಿಸಿ.
4. ಹಳೆಯದನ್ನು ಅಳಿಸಿ, ಹೊಸದನ್ನು ಮೊದಲಿನಿಂದ ಬರೆಯಿರಿ.
5. ಬೀಗ ತೆಗೆಯಿರಿ.

ಫೈಲ್ ತೆರೆಯಲು ಆಗದಿದ್ದರೆ 0 ಅಂದುಕೊಳ್ಳಬೇಡಿ, ಅಲ್ಲೇ ನಿಲ್ಲಿಸಿ.

ಮಾಡಿ ನೋಡಿ

ಬೋರ್ಡ್ ಮೇಲೆ 10 ಬರೆಯಿರಿ. ಇಬ್ಬರು ಅದನ್ನು ನೋಡಿ, ಹಿಂದೆ ತಿರುಗಿ 1 ಕೂಡಿಸಿ, ಒಬ್ಬರಾದ ಮೇಲೆ ಒಬ್ಬರು ಬಂದು ಉತ್ತರ ಬರೆಯಲಿ. ಇಬ್ಬರೂ 11 ಬರೆಯುತ್ತಾರೆ, ಒಂದು ಎಣಿಕೆ ಕಳೆದುಹೋಯಿತು! ಈಗ ಒಂದೇ ಮಾರ್ಕರ್ ಇಡಿ. ಅದು ಕೈಯಲ್ಲಿ ಇದ್ದವರು ಮಾತ್ರ ಬೋರ್ಡ್ ನೋಡಬೇಕು, ಬರೆದ ಮೇಲೆಯೇ ಇನ್ನೊಬ್ಬರಿಗೆ ಕೊಡಬೇಕು. ಸರಿಯಾಗಿ 12 ಬರುತ್ತದೆ.

ಗಮನಿಸಿ: ಬರೆಯುವಾಗ ಮಾತ್ರ ಮಾರ್ಕರ್ ಹಿಡಿದರೆ ಸಾಲದು, ನೋಡುವ ಮೊದಲೇ ಹಿಡಿಯಬೇಕು. ಯಾರಾದರೂ ಒಬ್ಬರು ನಿಯಮ ಮುರಿದರೂ ಲೆಕ್ಕ ತಪ್ಪುತ್ತದೆ. ಕಂಪ್ಯೂಟರಿನ ಈ ಬೀಗವೂ ಹಾಗೆಯೇ, ಎಲ್ಲರೂ ಸರದಿ ಕಾದರೆ ಮಾತ್ರ ಕೆಲಸ ಮಾಡುತ್ತದೆ.

ನನ್ನ ಹಳೆಯ 300 ವಾಪಸ್ ಬರಲಿಲ್ಲ. ಆದರೆ ಆಮೇಲೆ ಕೌಂಟರ್ ಒಮ್ಮೆಯೂ ಹಿಂದಕ್ಕೆ ಓಡಿಲ್ಲ!